ಖಾಲಿ ರಸ್ತೆಗೊಂದು ಕಂಪ್ಯೂಟರ್

ಡ್ರೈವರಣ್ಣ ಮಾಡಿದ ತಪ್ಪು ಒಂದೇ. ಡಿಪೋದ ಕ್ಯಾಂಟೀನಿನಲ್ಲಿ ಟೀ ಆರಿಸಿಕೊಳ್ಳುತ್ತ, "ನಾಳೆ ರಜೆ. ಕಂಪ್ಯೂಟರ್ ಅಂಗಡಿಗೆ ಹೋಗೋದಿದೆ" ಎಂದು ಬಾಯಿ ಬಿಟ್ಟ.

ಎದುರಿಗೆ ಕೂತಿದ್ದವನು ಅವನದೇ ಬಸ್ಸಿನ ಕಂಡಕ್ಟರ್. ಹಿಂಬಾಗಿಲಿನಲ್ಲಿ ನಿಂತು ಆಡಿದ ಮಾತು ಮುಂದಿನ ಗಾಜಿಗೆ ಬಡಿಯಬೇಕು, ಅಂಥ ಗಂಟಲು. ಕ್ಯಾಂಟೀನು ಆ ಗಂಟಲಿಗೆ ತೀರ ಸಣ್ಣ ಜಾಗ.

"ಕಂಪ್ಯೂಟರಾ? ಅಣ್ಣಾ, ನೀವಾ? ಯಾಕೆ?"

"ಆಟ ಆಡೋಕೆ" ಎಂದ ಡ್ರೈವರಣ್ಣ, ಸಿಕ್ಕಿಬಿದ್ದ ಕಳ್ಳನ ದನಿಯಲ್ಲಿ. "ಬಿಡಿ ಭಾಗ ಆರಿಸಿ, ಅವರೇ ಜೋಡಿಸಿ ಕೊಡ್ತಾರೆ."

"ಬಿಡಿ ಭಾಗ" ಎಂಬ ಮಾತು ಪಕ್ಕದ ಮೇಜಿನ ಮೇಲೆ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಬಿತ್ತು. ಅಲ್ಲಿದ್ದವರು ಡಿಪೋದ ಹಿರಿಯ ಮೆಕ್ಯಾನಿಕ್. ನಿಜವಾದ ಹೆಸರು ಸಂಬಳದ ಗುಮಾಸ್ತನಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವರು ಗ್ರೀಸಪ್ಪ.

"ಬಿಡಿ ಭಾಗ ಆರಿಸೋಕೆ ನೀನೊಬ್ಬನೇ ಹೋಗ್ತೀಯಾ?" ಎಂದು ಗ್ರೀಸಪ್ಪ ಕುರ್ಚಿ ಎಳೆದುಕೊಂಡೇ ಬಂದರು. "ಹಳೇ ಮಾಲಿಗೆ ಬಣ್ಣ ಬಳಿದು ಕೊಡ್ತಾರೆ ಕಣಯ್ಯಾ. ನಾನು ಬರ್ತೀನಿ."

"ನಾನೂ ಬರ್ತೀನಣ್ಣ" ಎಂದ ಕಂಡಕ್ಟರ್. "ಚೌಕಾಸಿ ನಿಮಗೆ ಬರಲ್ಲ."

ಮಾರನೆಯ ಬೆಳಿಗ್ಗೆ ಡ್ರೈವರಣ್ಣ ಮನೆಯಿಂದ ಹೊರಬೀಳುವ ಹೊತ್ತಿಗೆ ಇಬ್ಬರೂ ಗೇಟಿನಲ್ಲಿ ನಿಂತಿದ್ದರು. ಗ್ರೀಸಪ್ಪ ಸ್ಪ್ಯಾನರ್ ಚೀಲವನ್ನೂ ತಂದಿದ್ದರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಡ್ರೈವರಣ್ಣನಿಗೆ ಬಸ್ಸು ಓಡಿಸುವುದರಲ್ಲಿ ಬೇಸರವಿರಲಿಲ್ಲ. ಅವನಿಗೆ ಸಾಕಾಗಿ ಹೋಗಿದ್ದದ್ದು ಬೆನ್ನ ಹಿಂದಿನ ದನಿಗಳು. ಕೆಲಸಕ್ಕೆ ಸೇರಿದಂದಿನಿಂದ ಅವು ನಿಂತದ್ದಿಲ್ಲ. ಇಲ್ಲೇ ನಿಲ್ಸಿ. ಅಲ್ಲಿ ಯಾಕೆ ನಿಲ್ಸಿದ್ರಿ. ಸ್ವಲ್ಪ ಬೇಗ ಹೋಗಿ. ಇಷ್ಟು ಬೇಗ ಯಾಕೆ ಹೋಗ್ತೀರಿ. ಇವೆಲ್ಲದರ ಮೇಲೆ ಕಂಡಕ್ಟರನ ಸೀಟಿ, ಸೀಟಿಯ ಮೇಲೆ ಕಂಡಕ್ಟರನ ಸಲಹೆ. ಕಿವಿಗಳು ಮುಖದ ಪಕ್ಕದಿಂದ ಜಾರಿ ಬೆನ್ನಿಗೆ ಬಂದು ಕೂತಿವೆಯೇನೋ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದ್ದಿದೆ.

ಹೀಗಿರುವಾಗ ಒಂದು ದಿನ ಫೋನಿನಲ್ಲಿ ಯಾರೋ ಆಡುತ್ತಿದ್ದ ಆಟದ ವಿಡಿಯೊ ಕಣ್ಣಿಗೆ ಬಿತ್ತು. ಬೆಟ್ಟದ ರಸ್ತೆ, ಪಕ್ಕದಲ್ಲಿ ಕಣಿವೆ, ತೆಳ್ಳಗೆ ಮಂಜು, ಒಂದು ಬಸ್ಸು. ಬಸ್ಸು ಪೂರ್ತಿ ಖಾಲಿ. ಮಾತಿಲ್ಲ, ಸೀಟಿ ಇಲ್ಲ, ಎಂಜಿನ್ನಿನ ಗುಂಯ್ಗುಡುವಿಕೆ ಮಾತ್ರ. ಡ್ರೈವರಣ್ಣ ಅದನ್ನು ನೋಡಿ, ಹಸಿದವನು ಹೋಟೆಲಿನ ಗಾಜಿಗೆ ಮೂಗೊತ್ತಿ ನಿಂತ ಹಾಗೆ ನಿಂತ. ಆ ರಸ್ತೆಯಲ್ಲಿ ಒಂದೇ ಒಂದು ಸಲ ಒಬ್ಬನೇ ಹೋಗಿಬರಬೇಕು. ಅಷ್ಟೇ ಆಸೆ.

ಹೆಂಡತಿ ಕೇಳಿ ನಕ್ಕಿದ್ದಳು. "ದಿನವಿಡೀ ಬಸ್ಸು ಓಡಿಸಿ, ಮನೆಗೆ ಬಂದು ದುಡ್ಡು ಕೊಟ್ಟು ಮತ್ತೆ ಬಸ್ಸು ಓಡಿಸ್ತೀರಾ? ಅಡುಗೆ ಮಾಡಿ ಸುಸ್ತಾಗಿದೆ, ಆಟದ ಒಲೆ ತಂದುಕೊಡಿ ಅಂತ ನಾನು ಕೇಳಿದ್ರೆ ತರ್ತೀರಾ?" ಕೊನೆಗೆ ಎರಡು ಷರತ್ತಿನ ಮೇಲೆ ಒಪ್ಪಿದಳು. ಬೋನಸ್ಸಿನ ಗಡಿ ದಾಟಬಾರದು. ಯಂತ್ರ ಸಾಮಾನಿನ ಕೋಣೆಯಲ್ಲಿರಬೇಕು, ಹಾಲಿನಲ್ಲಿ ಕಾಣಬಾರದು. ಎರಡನೆಯದನ್ನು ಡ್ರೈವರಣ್ಣ ಷರತ್ತೆಂದೇ ಎಣಿಸಲಿಲ್ಲ, ವರವೆಂದು ತಗೊಂಡ. ಹಳೆಯ ಹಾಸಿಗೆ, ಕೆಟ್ಟ ಇಸ್ತ್ರಿಪೆಟ್ಟಿಗೆಗಳ ನಡುವೆ ಬಾಗಿಲು ಹಾಕಿಕೊಂಡರೆ ಯಾರ ಹಂಗಿದೆ?

ತಿಂಗಳುಗಟ್ಟಲೆ ವಿಡಿಯೊ ನೋಡಿ, ಬೇಕಾದ ಭಾಗಗಳನ್ನೆಲ್ಲ ಹೊಸ ರೂಟಿನ ನಿಲ್ದಾಣಗಳಂತೆ ಬಾಯಿಪಾಠ ಮಾಡಿದ್ದ. ಗ್ರಾಫಿಕ್ಸ್ ಕಾರ್ಡು ಮಾತ್ರ ಇರುವುದರಲ್ಲೇ ಮೇಲಿನದು. ಮಂಜು ಮಂಜಿನ ಹಾಗೇ ಕಾಣಬೇಕಲ್ಲ. ಉಳಿದದ್ದೆಲ್ಲ ಹದವಾಗಿ. ಭಾಗಗಳನ್ನೆಲ್ಲ ಕೂರಿಸಲು ಕಪಾಟಿನ ಕೆಳಗೆ ಹಿಡಿಸುವ ಸಣ್ಣ ಕ್ಯಾಬಿನೆಟ್, ಯಂತ್ರದ ಬಿಸಿ ಇಳಿಸಲು ಸದ್ದು ಮಾಡದ ಗಾಳಿ ಕೂಲರ್, ಎರಡು ತುಂಡು ಮೆಮೊರಿ, ಕೋಣೆಗೆ ತಕ್ಕ ಮಾನಿಟರ್, ಪೆಡಲ್ ಸಮೇತ ಸ್ಟೀರಿಂಗ್. ಮತ್ತು ಕಿವಿಯನ್ನು ಪೂರ್ತಿ ಮುಚ್ಚಿ ಹೊರಗಿನ ಯಾವ ದನಿಯೂ ಒಳಗೆ ಬರದಂತೆ ಮಾಡುವ ಒಂದು ಹೆಡ್‌ಫೋನ್. ಅವನ ಮಟ್ಟಿಗೆ ಇಡೀ ಯಂತ್ರದ ಜೀವ ಇದ್ದದ್ದು ಆ ಹೆಡ್‌ಫೋನಿನಲ್ಲಿ.

ತೊಂದರೆಯೆಂದರೆ, ಇದನ್ನು ಕಂಡಕ್ಟರನಿಗೆ ವಿವರಿಸುವುದು ಹೇಗೆ? ಯಾರ ದನಿ ಕೇಳಬಾರದೆಂದು ಇಷ್ಟೆಲ್ಲ ಏರ್ಪಾಡೋ ಆ ದನಿಯೇ ಪಕ್ಕದಲ್ಲಿ ನಡೆದು ಬರುತ್ತ, "ನೀವೇನೂ ಯೋಚನೆ ಮಾಡ್ಬೇಡಿ ಅಣ್ಣ, ನಾನಿದೀನಿ" ಎನ್ನುತ್ತಿತ್ತು.

ಅಂಗಡಿ ನಡೆಸುತ್ತಿದ್ದವಳು ಮೂವತ್ತರ ಆಸುಪಾಸಿನ ಹೆಂಗಸು. ದರ್ಜಿಯ ಕಿವಿಯ ಮೇಲೆ ಪೆನ್ಸಿಲ್ ಇರುವಂತೆ ಅವಳ ಕಿವಿಯ ಮೇಲೆ ಒಂದು ಸಣ್ಣ ಸ್ಕ್ರೂಡ್ರೈವರ್ ಇತ್ತು.

"ಯಾವ ಆಟ ಆಡ್ತೀರಿ ಸರ್?"

"ಬಸ್ಸಿನದು" ಎಂದ ಡ್ರೈವರಣ್ಣ ಮೆಲ್ಲಗೆ.

"ಎಷ್ಟು ಜನ?"

"ಒಬ್ಬನೇ" ಎಂದ, ಈ ಸಲ ಗಟ್ಟಿಯಾಗಿ.

"ಒಬ್ರೇ ಯಾಕೆ, ನಾವೆಲ್ಲ ಇಲ್ವಾ?" ಎಂದಿತು ಬೆನ್ನ ಹಿಂದಿನ ದನಿ.

ಗ್ರೀಸಪ್ಪ ಆಗಲೇ ಮೇಜಿನ ಮೇಲೆ ಮೊಣಕೈ ಊರಿದ್ದರು. "ಮೊದಲು ಎಂಜಿನ್ ತೋರ್ಸಮ್ಮ."

ಅವಳು ಪ್ರೊಸೆಸರ್ ತೆಗೆದಿಟ್ಟಳು. ಗ್ರೀಸಪ್ಪ ಅದನ್ನು ನೋಡಿ, ಮದುವೆಗೆಂದು ಬಂದು ಹುಡುಗ ಕುಳ್ಳನೆಂದು ಕಂಡುಕೊಂಡ ಮಾವನಂತೆ ಮುಖ ಮಾಡಿದರು. "ಇಷ್ಟೇನಾ? ಬಿಸಿ ಆಗುತ್ತಾ?"

"ಬಿಸಿ ಅಂದ್ರೆ, ಕೂಲರ್ ಇಲ್ದೆ ಇದ್ರೆ ತಕ್ಷಣ ನಿಂತುಬಿಡುತ್ತೆ ಸರ್."

ಗ್ರೀಸಪ್ಪನವರ ಮುಖ ಬೆಳಗಿತು. "ಹಾಗಾದ್ರೆ ರೇಡಿಯೇಟರ್ ಬೇಕು."

"ಬೇಡ ಗ್ರೀಸಪ್ನೋರೇ, ಗಾಳಿ ಕೂಲರ್ ಸಾಕು. ಸಣ್ಣದು, ಸದ್ದು ಮಾಡಲ್ಲ..."

"ನೀನು ಸುಮ್ನಿರಯ್ಯಾ. ಬೇಸಿಗೇಲಿ ಏರು ಹತ್ತುವಾಗ ಹೊಗೆ ಬಂದು ನಡುರಸ್ತೇಲಿ ನಿಂತ್ರೆ ಫೋನು ಬರೋದು ಯಾರಿಗೆ? ನಂಗೆ ತಾನೆ?"

"ಇದು ಸಾಮಾನಿನ ಕೋಣೇಲಿ ಇರುತ್ತೆ ಗ್ರೀಸಪ್ನೋರೇ. ಅಲ್ಲಿ ಎಲ್ಲಿಯ ಏರು?"

ಅಂಗಡಿಯಾಕೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವ್ಯಾಪಾರಸ್ಥರಿಗೆ ಅದು ಕಷ್ಟ. "ರೇಡಿಯೇಟರ್ ಇರೋದೂ ಇದೆ ಸರ್" ಎಂದು ಮೂರು ಫ್ಯಾನಿನ ಉದ್ದನೆಯ ಕೂಲರ್ ತಂದಿಟ್ಟಳು. ಗ್ರೀಸಪ್ಪ ಅದನ್ನು ಹಸುಗೂಸಿನಂತೆ ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು.

"ಮುಚ್ಚಳ ಎಲ್ಲಮ್ಮ? ನೀರು ಎಲ್ಲಿಂದ ತುಂಬೋದು?"

"ತುಂಬಿ, ಮುಚ್ಚಿಯೇ ಬರುತ್ತೆ. ನಾವು ಹಾಕೋ ಹಾಗಿಲ್ಲ."

ಗ್ರೀಸಪ್ಪ ನಂಬಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಇದೆ. ಆದರೆ ಕಮ್ಮಿ ಇದೆ" ಎಂದು ತೀರ್ಪು ಕೊಟ್ಟರು. ಕೂಲರ್ ಇತ್ಯರ್ಥವಾಯಿತು.

ಆ ಕೂಲರ್ ಸಣ್ಣ ಕ್ಯಾಬಿನೆಟ್ಟಿಗೆ ಹಿಡಿಸುವುದಿಲ್ಲ ಎಂದು ಗೊತ್ತಾದದ್ದು ಆಮೇಲೆ. ಹಾಗಾಗಿ ಗಾಜಿನ ಗೋಡೆಗಳ, ಬೀರುವಿನ ತಮ್ಮನಂತಿದ್ದ ದೊಡ್ಡ ಕ್ಯಾಬಿನೆಟ್ ಬಂತು. ಕಂಡಕ್ಟರ್ ಅದರೊಳಗೆ ತಲೆ ತೂರಿಸಿ, "ಆಹಾ! ನಿಂತು ಹೋಗೋರಿಗೂ ಜಾಗ ಇದೆ" ಎಂದ. ಮದರ್‌ಬೋರ್ಡು ಕೂರಿಸಿದ ಮೇಲೆ ಮೆಮೊರಿಯ ಎರಡು ತುಂಡು ಹಾಕಿ ಅಂಗಡಿಯಾಕೆ ಕೈ ಹಿಂದೆ ತೆಗೆದಳೋ ಇಲ್ಲವೋ, ಕಂಡಕ್ಟರನಿಗೆ ಮೈಮೇಲೆ ಜಿರಲೆ ಬಿದ್ದ ಹಾಗಾಯಿತು.

"ಮೇಡಂ, ಇಲ್ಲಿ ಇನ್ನೂ ಎರಡು ಸೀಟು ಖಾಲಿ ಇದೆ."

"ಎರಡೇ ಸಾಕು ಸರ್. ನಾಲ್ಕೂ ತುಂಬಿದ್ರೆ ವೇಗ ಸ್ವಲ್ಪ ಕಮ್ಮಿ ಆಗುತ್ತೆ."

"ನಮ್ಮ ಬಸ್ಸೂ ತುಂಬಿದ್ರೆ ನಿಧಾನ ಆಗುತ್ತೆ. ಹಾಗಂತ ಖಾಲಿ ಓಡಿಸ್ತೀವಾ? ಹಾಕಿ ಮೇಡಂ, ಹಾಕಿ. ಖಾಲಿ ಸೀಟು ನೋಡ್ಕೊಂಡು ನಂಗೆ ನಿದ್ದೆ ಬರಲ್ಲ."

ನಾಲ್ಕೂ ತುಂಬಿದವು. ಮೂರು ಫ್ಯಾನಿನ ಜೊತೆಗೆ ಕ್ಯಾಬಿನೆಟ್ಟಿನ ಇನ್ನಷ್ಟು ಫ್ಯಾನುಗಳು ಸೇರಿಕೊಂಡವು. "ಇಷ್ಟೆಲ್ಲ ಇರುವಾಗ ಪವರ್ ಸಪ್ಲೈ ಒಂದು ಸೈಜು ಮೇಲೆ ಹೋದ್ರೆ ನಿಶ್ಚಿಂತೆ" ಎಂದಳು ಅಂಗಡಿಯಾಕೆ. "ಎರಡು ಸೈಜು ಹೋಗಿ" ಎಂದರು ಗ್ರೀಸಪ್ಪ. ಡ್ರೈವರಣ್ಣ ಪಕ್ಕದಲ್ಲಿ ನಿಂತು, ತನ್ನದೇ ಮದುವೆಯ ಮಾತುಕತೆಯಲ್ಲಿ ಯಾರೂ ಮಾತಾಡಿಸದ ಗಂಡಿನಂತೆ ತಲೆ ಆಡಿಸುತ್ತಿದ್ದ.

ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಹಚ್ಚುವಾಗ ಒಂದು ಸಣ್ಣ ಅಪಘಾತ ನಡೆಯಿತು. ಬಟಾಣಿ ಕಾಳಿನಷ್ಟು ಬೂದು ಪೇಸ್ಟ್ ಇಟ್ಟು ಅಂಗಡಿಯಾಕೆ ಕೂಲರ್ ತರಲು ತಿರುಗಿದಳು. ಗ್ರೀಸಪ್ಪನವರಿಗೆ ಆ ಜಿಪುಣತನ ನೋಡಲಾಗಲಿಲ್ಲ. ಟ್ಯೂಬು ಎತ್ತಿಕೊಂಡು ಕೊನೆಯ ಹನಿಯವರೆಗೆ ಹಿಂಡಿ, ಹೆಬ್ಬೆರಳಿನಿಂದ ನೀಟಾಗಿ ಬಳಿದರು. ಅವಳು ತಿರುಗಿ ನೋಡಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಆಮೇಲೆ ಬಟ್ಟೆ ತಗೊಂಡು ಒರೆಸತೊಡಗಿದಳು.

"ಗ್ರೀಸು ಕಮ್ಮಿ ಆಗಿ ಕೆಟ್ಟ ಗಾಡಿ ನೋಡಿದೀನಿ. ಜಾಸ್ತಿ ಆಗಿ ಕೆಟ್ಟಿದ್ದು ನೋಡಿಲ್ಲ" ಎಂದರು ಗ್ರೀಸಪ್ಪ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ.

ಇಷ್ಟಾದರೂ ಡ್ರೈವರಣ್ಣ ಎದೆಗುಂದಿರಲಿಲ್ಲ. ಪೆಟ್ಟಿಗೆ ಎಷ್ಟು ದೊಡ್ಡದಾದರೇನು, ಕೊನೆಗೆ ಹೆಡ್‌ಫೋನ್ ಇದೆಯಲ್ಲ. ಆದರೆ ಅಷ್ಟರಲ್ಲಿ ಮಾನಿಟರಿನ ಸರದಿ ಬಂತು. ಇಲ್ಲಿ ಅವನೇ ಜಾರಿದ ಎಂದು ಒಪ್ಪಿಕೊಳ್ಳಬೇಕು.

ಅವನು ಆರಿಸಿಕೊಂಡಿದ್ದ ಪರದೆಯನ್ನು ಕಂಡಕ್ಟರ್ ನೋಡಿದ. "ಇಷ್ಟು ದೊಡ್ಡ ಕಾರ್ಡು ತಗೊಂಡು ಇಷ್ಟು ಸಣ್ಣ ಕಿಟಕೀಲಿ ನೋಡ್ತೀರಾ? ಅಲ್ನೋಡಿ ಅಣ್ಣ!"

ಗೋಡೆಯ ಪಕ್ಕ ಬಿಲ್ಲಿನಂತೆ ಬಾಗಿದ ಅಗಲದ ಪರದೆ ಇತ್ತು, ಹೆಚ್ಚುಕಡಿಮೆ ಬಸ್ಸಿನ ಮುಂಗಾಜಿನಷ್ಟು. ಅದರಲ್ಲಿ ಬೆಟ್ಟದ ರಸ್ತೆಯೊಂದು ತಿರುವು ತಿರುವಾಗಿ ಮೇಲೇರುತ್ತಿತ್ತು. ಪೈನ್ ಮರಗಳ ಸೂಜಿ ಎಲೆಗಳು ಒಂದೊಂದೂ ಕಾಣುತ್ತಿದ್ದವು. ಡ್ರೈವರಣ್ಣನ ಎರಡೂ ಕೈ ತಾವಾಗಿಯೇ ಮೇಲೆದ್ದು ಇಲ್ಲದ ಸ್ಟೀರಿಂಗ್ ಹಿಡಿದವು. ಬಲಪಾದ ಇಲ್ಲದ ಪೆಡಲ್ ಒತ್ತಿತು.

"ಇದೇ ಇರಲಿ" ಎಂದ.

ಅಂಗಡಿಯಾಕೆ ಲೆಕ್ಕ ಕೂಡಿ ಪೆನ್ನು ಕೆಳಗಿಟ್ಟಳು. "ನೀವು ಹೇಳಿದ ಗಡಿಗೆ ಸರಿಯಾಗಿ ಬಂತು ಸರ್. ಹೆಡ್‌ಫೋನ್ ಒಂದು ಬಿಟ್ಟು."

"ಬಿಟ್ಟು ಅಂದ್ರೆ?"

"ಅದು ಸೇರಿಸಿದ್ರೆ ಗಡಿ ದಾಟುತ್ತೆ. ಬೇಜಾರು ಮಾಡ್ಕೋಬೇಡಿ, ಈ ಮಾನಿಟರ್ ಜೊತೆ ಸ್ಪೀಕರ್ ಉಚಿತ. ಮೂರಿರುತ್ತೆ, ದೊಡ್ಡದು ನೆಲದ ಮೇಲೆ ಇಡೋದು. ಇಡೀ ಮನೆಗೆ ಕೇಳುತ್ತೆ."

ಡ್ರೈವರಣ್ಣ ಮೇಜಿನ ಹತ್ತಿರಕ್ಕೆ ಬಂದ. "ಬೇಡ. ಹೆಡ್‌ಫೋನೇ ಬೇಕು. ಬೇರೆ ಯಾವುದಾದ್ರೂ ಕಮ್ಮಿ ಮಾಡಿ. ಆ ರೇಡಿಯೇಟರ್..."

ಗ್ರೀಸಪ್ಪ ರೇಡಿಯೇಟರಿಗೆ ಅಡ್ಡ ನಿಂತರು.

"ಪುಕ್ಕಟೆ ಸ್ಪೀಕರ್ ಬಿಟ್ಟು, ದುಡ್ಡು ಕೊಟ್ಟು ಕಿವಿ ಮುಚ್ಕೋತೀರಾ?" ಎಂದ ಕಂಡಕ್ಟರ್. "ಯಾಕಣ್ಣ?"

ಡ್ರೈವರಣ್ಣ ಅವನ ಮುಖ ನೋಡಿದ. ಜ್ವರ ಬಂದಾಗ ಔಷಧಿ ತಂದುಕೊಟ್ಟವನು, ಊಟದ ಡಬ್ಬಿಯಲ್ಲಿ ದಿನಾ ಪಾಲು ಕೊಡುವವನು, ರಜೆಯ ದಿನ ಮನೆಯಲ್ಲಿ ಮಲಗದೆ ತನಗಾಗಿ ಬಿಸಿಲಲ್ಲಿ ಬಂದವನು. 'ನಿನ್ನ ದನಿ ಕೇಳಬಾರದು ಅಂತ ಕಣಪ್ಪ' ಎಂದು ಯಾವ ಬಾಯಿಂದ ಹೇಳುವುದು?

"ಮನೇಲಿ... ಅವಳಿಗೆ ಸದ್ದಾದ್ರೆ ಆಗಲ್ಲ" ಎಂದು ತೊದಲಿದ.

ಹೇಳಿದ ಮರುಕ್ಷಣವೇ ಕಂಡಕ್ಟರನ ಫೋನು ಕಿವಿಗೇರಿತ್ತು. "ಅತ್ತಿಗೆ, ನಮಸ್ಕಾರ. ಅಣ್ಣ ಎರಡೂ ಕಿವಿ ಮುಚ್ಕೊಂಡು ಆಡ್ತಾರಂತೆ, ನಿಮಗೋಸ್ಕರ. ಏನಂತೀರಿ?"

ಹೆಂಡತಿಯ ಉತ್ತರ ಇಡೀ ಅಂಗಡಿಗೆ ಕೇಳಿಸಿತು. "ಈಗಲೇ ಕರೆದಿದ್ದು ಕೇಳ್ಸಲ್ಲ ಅವರಿಗೆ! ಇನ್ನು ಕಿವಿ ಮುಚ್ಕೊಂಡು ಕೂತ್ರೆ ಬಾಗಿಲು ತೆಗೆಯೋರು ಯಾರು, ಹಾಲು ಉಕ್ಕಿದ್ರೆ ನೋಡೋರು ಯಾರು? ಅದೆಲ್ಲ ಬೇಡ."

ಸ್ಪೀಕರುಗಳು ಗಾಡಿ ಹತ್ತಿದವು.

ಹೊರಡುವಾಗ ಅಂಗಡಿಯಾಕೆ ಗೌರವದಿಂದ ಹೇಳಿದಳು: "ಆಟ ಹಾಕಿ ಕೊಟ್ಟಿದೀನಿ ಸರ್. ನೀವು ನಿಜವಾದ ಡ್ರೈವರ್ ಅಂತ ಇವರು ಹೇಳಿದ್ರು. ಅದಕ್ಕೆ ಎಲ್ಲಕ್ಕಿಂತ ಮೇಲಿನ ಮಟ್ಟ ಇಟ್ಟಿದೀನಿ. ಒಂದ್ಸಲ ಇಟ್ರೆ ಬದಲಾಯಿಸೋ ಹಾಗಿಲ್ಲ, ಆದರೆ ನಿಮಗೇನು ಬಿಡಿ."

ಮನೆಯಲ್ಲಿ ಸಾಮಾನಿನ ಕೋಣೆಯ ಬಾಗಿಲು ಬಾಗಿದ ಪರದೆಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು. ಕಂಡಕ್ಟರ್ "ಬರ್ಲಿ, ಬರ್ಲಿ, ಬರ್ಲಿ, ಹಾಂ, ಹೋಲ್ಡ್" ಎಂದು ಹಿಂದಕ್ಕೆ ತೆಗೆಸಿದ. ಗ್ರೀಸಪ್ಪ ಬಾಗಿಲಿನ ಚೌಕಟ್ಟು ಬಿಚ್ಚೋಣವೆಂದು ಚೀಲಕ್ಕೆ ಕೈ ಹಾಕಿದಾಗ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು.

"ಬಾಗಿಲು ಮುಟ್ಟಿದ್ರೆ ನೋಡಿ. ಇವತ್ತೊಂದು ದಿನ ಹಾಲಿನಲ್ಲೇ ಇಡಿ."

ಹೀಗೆ, ಒಬ್ಬನ ಮೂಲೆಗೆಂದು ಹೊರಟ ಯಂತ್ರ ಹಾಲಿನ ನಡುವೆ, ಊಟದ ಮೇಜಿನ ಮೇಲೆ, ಸೋಫಾದ ಎದುರಿಗೆ ಪ್ರತಿಷ್ಠಾಪನೆಗೊಂಡಿತು. ಸ್ಟೀರಿಂಗಿನ ಹಿಂದೆ ಡ್ರೈವರಣ್ಣ ಕೂತ. ಅವನ ಹಿಂದೆ ಸೋಫಾದಲ್ಲಿ ಗ್ರೀಸಪ್ಪ, ಹೆಂಡತಿ. ಕಂಡಕ್ಟರ್ ಮಾತ್ರ ಕೂರಲಿಲ್ಲ, ಅಭ್ಯಾಸವಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತ.

ಪರದೆ ಬೆಳಗಿತು. ಬೆಟ್ಟದ ರಸ್ತೆಯ ಚಿತ್ರದ ಮೇಲೆ ಒಂದು ಬೀಗ. ಕೆಳಗೆ ಬರಹ: ಮೊದಲು ನಗರದ ಮಾರ್ಗದಲ್ಲಿ ಚಾಲನಾ ಪರೀಕ್ಷೆ ಪಾಸಾಗಬೇಕು. ಮೂರು ಅವಕಾಶ.

"ನಿಮಗೆ ಪರೀಕ್ಷೆ!" ಎಂದು ಕಂಡಕ್ಟರ್ ನಕ್ಕ. ಡ್ರೈವರಣ್ಣನೂ ನಕ್ಕ. ಅವತ್ತು ಅವನು ನಕ್ಕದ್ದು ಅದೇ ಕೊನೆ.

ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಜನ ಹತ್ತಿದರು, ಬಾಗಿಲು ಮುಚ್ಚಿತು, ಮುಂದೆ ರಸ್ತೆ ಬಿಡುವಾಗಿತ್ತು. ಡ್ರೈವರಣ್ಣ ಸ್ಟೀರಿಂಗ್ ಹಿಡಿದು ಕೂತ. ಕೂತೇ ಇದ್ದ.

"ಯಾಕೆ, ಹೊರಡಲ್ವಾ?" ಎಂದಳು ಹೆಂಡತಿ.

"ಎಂಜಿನ್ ಆಫ್ ಆಗಿರ್ಬೇಕು. ಸದ್ದೇ ಇಲ್ಲ" ಎಂದು ಗ್ರೀಸಪ್ಪ ಎದ್ದು ಹೋಗಿ ಕ್ಯಾಬಿನೆಟ್ಟಿಗೆ ಕಿವಿಗೊಟ್ಟರು.

ಡ್ರೈವರಣ್ಣನಿಗೂ ಅರ್ಥವಾಗುತ್ತಿರಲಿಲ್ಲ. ಕಾಲು ಹೋಗಲೊಲ್ಲದು. ಏನೋ ಆಗಬೇಕಾದದ್ದು ಆಗಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಕಾರಣವಿಲ್ಲದೆ ವಿಳಂಬ. ಫೇಲ್.

ಕಂಡಕ್ಟರನ ಕಣ್ಣು ತುಂಬಿ ಬಂತು. "ಅಣ್ಣಾ, ನಾನು ಸೀಟಿ ಊದ್ಲಿಲ್ಲ! ಅದಕ್ಕೇ ನೀವು ಹೊರಡಲಿಲ್ಲ. ಎಂಥಾ ಡ್ರೈವರಪ್ಪ ಇವರು! ತಪ್ಪು ನಂದು, ನಂದೇ ತಪ್ಪು." ಎಂದು ಜೇಬಿನಿಂದ ಸೀಟಿ ತೆಗೆದ. ರಜೆಯ ದಿನವೂ ಅದು ಅವನ ಜೇಬಿನಲ್ಲೇ ಇತ್ತು.

ಈ ನಡುವೆ ಗ್ರೀಸಪ್ಪ, ಎಂಜಿನ್ನಿನ ಸದ್ದು ಕೇಳದೆ ನೆಮ್ಮದಿಯಿಲ್ಲವೆಂದು, ಕ್ಯಾಬಿನೆಟ್ಟಿನ ಮೇಲಿದ್ದ ಫ್ಯಾನಿನ ಗುಂಡಿಯನ್ನು ತುದಿಯವರೆಗೆ ತಿರುಗಿಸಿದರು. ಫ್ಯಾನುಗಳೆಲ್ಲ ಒಟ್ಟಿಗೆ ಗೂಳಿಗಳಂತೆ ಬುಸುಗುಟ್ಟಿದವು. "ಹಾಂ, ಈಗ ಸರಿ."

ಎರಡನೆಯ ಸಲ. ಜನ ಹತ್ತುತ್ತಿದ್ದರು. ಕಂಡಕ್ಟರ್ ನಿಂತಿದ್ದ ಜಾಗದಿಂದ ಪರದೆಯ ಎಡತುದಿ ಕಾಣುತ್ತಿರಲಿಲ್ಲ. ಅವನು ಉತ್ಸಾಹದಿಂದ ಕಿವಿ ಬಿರಿಯುವಂತೆ ಸೀಟಿ ಊದಿ "ರೈಟ್!" ಎಂದ. ಡ್ರೈವರಣ್ಣನ ಕಾಲು ಅವನನ್ನು ಕೇಳದೆಯೇ ಪೆಡಲ್ ಒತ್ತಿತು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟಿದ್ದ ಮುದುಕನೊಬ್ಬ ಎಡತುದಿಯಿಂದ ಮಾಯವಾದ.

ಪ್ರಯಾಣಿಕರು ಬಿದ್ದಿದ್ದಾರೆ. ಫೇಲ್.

"ಸೀಟಿ ಊದಿದ್ದು ನೀನಲ್ವೇನೋ!" ಎಂದು ಡ್ರೈವರಣ್ಣ ತಿರುಗಿದ.

"ಕನ್ನಡಿ ನೋಡ್ಕೊಂಡು ಬಿಡ್ಬೇಕಾದ್ದು ಡ್ರೈವರ್, ಅಣ್ಣ" ಎಂದ ಕಂಡಕ್ಟರ್, ತುಸು ನೊಂದು.

ಬಾಗಿಲು ಬಡಿದ ಸದ್ದು. ಕೆಳಮನೆಯ ಅಜ್ಜಿ ಕೋಲೂರಿಕೊಂಡು ಮೇಲೆ ಬಂದಿದ್ದರು. "ಏನ್ರಪ್ಪಾ, ಮನೆಯೊಳಗೆ ಹಿಟ್ಟಿನ ಗಿರಣಿ ಇಟ್ಟಿದೀರಾ? ಸೀಟಿ ಬೇರೆ!" ಎನ್ನುತ್ತ ಒಳಗೆ ಕಾಲಿಟ್ಟವರು ಪರದೆ ನೋಡಿ ಜಗಳ ಮರೆತರು. ಹೆಂಡತಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅಜ್ಜಿ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಡ್ರೈವರಣ್ಣ ಎದ್ದು ನಿಂತು ಕೈ ಮುಗಿದ. "ಇದು ಕೊನೇ ಸಲ. ದಯವಿಟ್ಟು ಯಾರೂ ಮಾತಾಡ್ಬೇಡಿ. ಉಸಿರು ಮೆಲ್ಲಗೆ ಬಿಡಿ. ನೀನು ಆ ಸೀಟಿ ಜೇಬಿಗೆ ಹಾಕ್ಕೋ. ಗ್ರೀಸಪ್ನೋರೇ, ಆ ಫ್ಯಾನು."

ನಿಜಕ್ಕೂ ಎಲ್ಲರೂ ಸುಮ್ಮನಾದರು. ಡ್ರೈವರಣ್ಣ ಕನ್ನಡಿ ನೋಡಿ ಬಸ್ಸು ಬಿಟ್ಟ. ಸಿಗ್ನಲ್ ದಾಟಿದ. ನಿಲ್ದಾಣಗಳಲ್ಲಿ ಬಸ್ಸನ್ನು ಬಾತುಕೋಳಿ ನೀರಿಗೆ ಇಳಿದಷ್ಟು ಮೆತ್ತಗೆ ನಿಲ್ಲಿಸಿದ. ಬೆನ್ನ ಹಿಂದೆ ಮೌನ. ಜೀವಮಾನದಲ್ಲಿ ಮೊದಲ ಸಲ ಮೌನ. ಇನ್ನೊಂದು ವೃತ್ತ ದಾಟಿದರೆ ಪರೀಕ್ಷೆ ಮುಗಿಯುತ್ತದೆ, ಬೀಗ ತೆರೆಯುತ್ತದೆ, ಮಂಜು, ಪೈನ್ ಮರ, ಖಾಲಿ ರಸ್ತೆ. ಬಸ್ಸು ವೃತ್ತದ ನಡುವೆ ಬಂತು. ಎಡಗಡೆ ಬಿಳಿಯ ಕಟ್ಟಡವೊಂದು ಕಾಣಿಸಿತು.

"ಅಯ್ಯೋ, ಆಸ್ಪತ್ರೆ! ಇಲ್ಲೇ ನಿಲ್ಸಪ್ಪಾ, ಇಲ್ಲೇ!" ಎಂದು ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದರು.

ಡ್ರೈವರಣ್ಣನ ಕಾಲು ಬ್ರೇಕಿನ ಮೇಲಿತ್ತು. ಯಾವಾಗ ಹೋಯಿತೋ ದೇವರಿಗೇ ಗೊತ್ತು. ವೃತ್ತದ ನಟ್ಟನಡುವೆ ಬಸ್ಸು ಗಕ್ಕನೆ ನಿಂತಿತು. ಹಿಂದಿನಿಂದ ಒಂದು ಲಾರಿ ಬಂದು ಗುದ್ದಿದ ಸದ್ದನ್ನು ಮೂರೂ ಸ್ಪೀಕರುಗಳು ಇಡೀ ಬೀದಿಗೆ ಕೇಳಿಸಿದವು.

"ನಿಜವಾದ್ದು ಅಂದ್ಕೊಂಡೆ ಕಣಪ್ಪ" ಎಂದರು ಅಜ್ಜಿ ಸಂಕೋಚದಿಂದ. "ಅಷ್ಟು ಚೆನ್ನಾಗಿ ಕಾಣುತ್ತೆ. ಬಾಗಿಲ ಹತ್ರ ಕೂತಿರೋ ನರ್ಸು ಸಹ ಕಾಣ್ತಾಳೆ."

ಪರದೆಯ ಮೇಲೆ ಈ ಸಲ ಬರಹ ಉದ್ದವಾಗಿತ್ತು. ಹೆಂಡತಿ ಗಟ್ಟಿಯಾಗಿ ಓದಿದಳು: "ನೀವು ಚಾಲಕ ವೃತ್ತಿಗೆ ಸದ್ಯಕ್ಕೆ ಯೋಗ್ಯರಲ್ಲ. ಪರವಾನಗಿ ಇರುವ ಚಾಲಕರೊಬ್ಬರ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಸೇವೆ ಸಲ್ಲಿಸಿ, ಅನುಭವ ಪಡೆದು, ಮತ್ತೆ ಅರ್ಜಿ ಹಾಕಿ."

ಯಾರೂ ನಗಲಿಲ್ಲ. ಡ್ರೈವರಣ್ಣನನ್ನು ಅದೇ ಹೆಚ್ಚು ನೋಯಿಸಿತು.

"ಇದೆಂಥ ಆಟ!" ಎಂದು ಕಂಡಕ್ಟರ್ ಸಿಟ್ಟಾದ. "ಏಳಿ ಅಣ್ಣ, ನಾನು ನೋಡ್ತೀನಿ. ನನ್ನ ಹೆಸರಲ್ಲಿ ಪಾಸು ಮಾಡಿ ಬೀಗ ತೆಗೆದುಕೊಡ್ತೀನಿ."

"ನಿಂಗೆ ಬಸ್ಸು ಓಡ್ಸೋಕೆ ಬರುತ್ತೇನೋ?"

"ದಿನಾ ನೋಡ್ತಿಲ್ವಾ?"

ಕಂಡಕ್ಟರ್ ಕೂತ. ಜನ ಹತ್ತುವಾಗ ಎಡತುದಿಯವರೆಗೆ ಕತ್ತು ಚಾಚಿ ನೋಡಿದ, ಕೊನೆಯವರ ಎರಡೂ ಕಾಲು ಒಳಗೆ ಬಂದ ಮೇಲೆ ತಾನೇ "ರೈಟ್" ಎಂದುಕೊಂಡು ಹೊರಟ. ಸೀಟಿಗಾಗಿ ಅವನು ಯಾರನ್ನೂ ಕಾಯಬೇಕಾಗಿರಲಿಲ್ಲ. ಅಜ್ಜಿ "ಆಸ್ಪತ್ರೆ!" ಎಂದು ಮತ್ತೆ ಕೂಗಿದಾಗ, "ಸ್ಟಾಪ್ ಬಂದಾಗ ನಿಲ್ಸ್ತೀನಿ, ಸುಮ್ನಿರಿ ಅಜ್ಜಿ" ಎಂದ. ಪ್ರಯಾಣಿಕರ ಮಾತಿಗೆ ಜಗ್ಗದೆ ಇರುವುದರಲ್ಲಿ ಅವನಿಗಿದ್ದಷ್ಟು ಸಾಧನೆ ಇನ್ಯಾರಿಗಿದೆ?

ಮೊದಲ ಸಲಕ್ಕೇ ಪಾಸ್. ಬೀಗ ತೆರೆಯಿತು. ಬೆಟ್ಟದ ರಸ್ತೆ, ಮಂಜು, ಕಣಿವೆ.

ಡ್ರೈವರಣ್ಣ ಕುರ್ಚಿಗೆ ಕೈ ಹಾಕಿದ. "ಸರಿ, ಏಳಪ್ಪ ಈಗ."

ಕಂಡಕ್ಟರ್ ಒಮ್ಮೆ ಸ್ಟೀರಿಂಗ್ ತಿರುಗಿಸಿ ನೋಡಿದ, ಪರದೆ ನೋಡಿದ. "ಪರವಾನಗಿ ನನ್ನ ಹೆಸರಲ್ಲಿದೆ ಅಣ್ಣ. ನೀವು ಓಡ್ಸಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅದೂ ಹೋಗುತ್ತೆ. ನೀವು ನನ್ನ ಜೊತೆ ಸೇವೆ ಮಾಡಿ, ಬೇಗ ನಿಮ್ಮದೂ ಆಗುತ್ತೆ." ಎಂದು ಕೀಬೋರ್ಡನ್ನು ಅವನ ಕೈಗಿಟ್ಟ. "ಟಿಕೆಟ್ ಕೊಡೋದು ಆ ದೊಡ್ಡ ಗುಂಡಿ."

"ಟಿಕೆಟ್ ಯಾರಿಗೆ? ಈ ರಸ್ತೇಲಿ ಬಸ್ಸು ಖಾಲಿ ಹೋಗುತ್ತೆ."

"ಖಾಲಿ ಬಸ್ಸಾ? ನನ್ನ ಕೈಲಾಗಲ್ಲ ಅಣ್ಣ" ಎಂದು ಕಂಡಕ್ಟರ್ ಪ್ರಯಾಣಿಕರ ಸಂಖ್ಯೆ ಎಂದಿದ್ದ ಗೆರೆಯ ಮೇಲಿನ ಗುರುತನ್ನು ಮೌಸಿನಿಂದ ತುದಿಯವರೆಗೆ ಎಳೆದ. ಅಗಲದ ಪರದೆಯ ಮೇಲೆ ಜನ ಬಂದರು, ಬರುತ್ತಲೇ ಇದ್ದರು. ಮೂಟೆ ಹೊತ್ತವರು, ಮಕ್ಕಳನ್ನು ಎತ್ತಿಕೊಂಡವರು, ಕೋಳಿ ಹಿಡಿದವರು. ಮೇಲಿನ ದರ್ಜೆಯ ಕಾರ್ಡು, ನಾಲ್ಕೂ ತುಂಬಿದ ಮೆಮೊರಿ. ಒಬ್ಬನೂ ತಡವರಿಸಲಿಲ್ಲ. ಸ್ಪೀಕರುಗಳ ತುಂಬ ಗದ್ದಲ ಎದ್ದಿತು.

ಡ್ರೈವರಣ್ಣ ಕುರ್ಚಿಯ ಹಿಂದೆ ಕೀಬೋರ್ಡ್ ಹಿಡಿದು ನಿಂತು ಟಿಕೆಟ್ ಕೊಡತೊಡಗಿದ. ಯಾವ ರಸ್ತೆಗಾಗಿ ತಿಂಗಳುಗಟ್ಟಲೆ ಕನಸು ಕಂಡಿದ್ದನೋ ಅದು ಕಂಡಕ್ಟರನ ತಲೆಯ ಆಚೀಚೆ ತುಂಡುತುಂಡಾಗಿ ಹಾದು ಹೋಗುತ್ತಿತ್ತು. ಮುಂದೆ ಒಂದು ಕಡಿದಾದ ತಿರುವು ಬಂತು. ಬಸ್ಸಿನ ವೇಗ ಹೆಚ್ಚಿತ್ತು.

ತಡೆದುಕೊಳ್ಳೋಣವೆಂದೇ ಅವನು ನೋಡಿದ. ಆಗಲಿಲ್ಲ. "ತಿರುವಿದೆ ಕಣೋ, ಎರಡನೇ ಗೇರಿಗೆ ಬಾ! ಬ್ರೇಕು ಮೆಲ್ಲಗೆ! ಎಡಕ್ಕೆ, ಇನ್ನೂ ಎಡಕ್ಕೆ!"

ಕಂಡಕ್ಟರ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಪರದೆಯಲ್ಲಿ, ಮುಂಗಾಜಿನ ಮೇಲ್ಗಡೆ ಹೊಡೆದಿದ್ದ ಒಂದು ಸಣ್ಣ ತಗಡಿನ ಕಡೆ ಬೆರಳು ತೋರಿಸಿದ, ಅಷ್ಟೇ.

ಚಾಲಕರೊಡನೆ ಮಾತನಾಡಬೇಡಿ, ಎಂದಿತ್ತು ಅದರ ಮೇಲೆ.

ಕಾರ್ಡು ನಿಜಕ್ಕೂ ಒಳ್ಳೆಯದೇ. ಒಂದೊಂದು ಅಕ್ಷರವೂ ಕಡೆದಿಟ್ಟ ಹಾಗೆ ಕಾಣುತ್ತಿತ್ತು.